ಅಂಗಿ ತೊಟ್ಟ ಚಿಂಪಾಂಜಿ

ಕಲಬುರಗಿಯ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಆಗಾಗ ಬರುವ ವಿಡಿಯೊಗಳಲ್ಲಿ ಅಂಗಿ-ಚಡ್ಡಿ ತೊಟ್ಟ ಚಿಂಪಾಂಜಿ ಮರಿಯೊಂದು ಯಾರದೋ ತೊಡೆಯ ಮೇಲೆ ಕೂತು ಹಲ್ಲು ಕಿಸಿಯುತ್ತಿರುತ್ತದೆ. ‘ನೋಡ್ರಿ, ಮನಷ್ಯಾರಂಗೇ ನಗ್ಲಿಕತ್ತದ’ ಎಂದು ಕಾಕಾ ಅದರ ಕೆಳಗೆ ಬರೆಯುತ್ತಾರೆ. ಚಿಕಾಗೋಗೆ ಬಂದು ನೆಲೆಸಿದ ಮೇಲೆ ಇಲ್ಲಿನ ಲಿಂಕನ್ ಪಾರ್ಕ್ ಮೃಗಾಲಯದಲ್ಲಿ ಈ ಪ್ರಾಣಿಗಳನ್ನು ಹತ್ತಿರದಿಂದ ನೋಡುತ್ತ, ಅವುಗಳ ಬಗ್ಗೆ ಓದುತ್ತ ಬಂದಿರುವ ನನಗೆ ಆ ವಿಡಿಯೊಗಳನ್ನು ಕೊನೆಯವರೆಗೆ ನೋಡಲಾಗುವುದಿಲ್ಲ. ಏಕೆಂಬುದನ್ನು ಊರಿನವರಿಗೆ ಬಿಡಿಸಿ ಹೇಳಬೇಕೆನಿಸಿದೆ.

ಚಿಂಪಾಂಜಿಯು ತುಟಿಗಳನ್ನು ಹಿಂದಕ್ಕೆಳೆದು ಎರಡೂ ಸಾಲಿನ ಹಲ್ಲು ತೋರಿಸಿದರೆ ಸಾಮಾನ್ಯವಾಗಿ ಅದು ಅಂಜಿದೆ, ಇಲ್ಲವೇ ತನಗಿಂತ ಬಲಶಾಲಿಯ ಮುಂದೆ ತಗ್ಗುತ್ತಿದೆ ಎಂದರ್ಥ. ಆಟದ ಖುಷಿಯಲ್ಲಿರುವಾಗ ಅದರ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲುಗಳು ತುಟಿಯ ಮರೆಯಲ್ಲೇ ಇರುತ್ತವೆ, ಏದುಸಿರಿನಂಥ ಸದ್ದು ಕೇಳುತ್ತದೆ. 1961ರ ಜನವರಿ 31ರಂದು ಅಮೆರಿಕವು ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಹ್ಯಾಮ್ ಎಂಬ ಚಿಂಪಾಂಜಿಯ ಹಲ್ಲು ಕಿರಿದ ಮುಖವನ್ನು ಜನ ಸಂತೋಷವೆಂದೇ ತಿಳಿದರು. ಚಿಂಪಾಂಜಿಗಳ ನಡುವೆಯೇ ವರ್ಷಾನುಗಟ್ಟಲೆ ಇದ್ದ ಜೇನ್ ಗುಡಾಲ್ ಅವರಿಗೆ ಅದರಲ್ಲಿ ಕಂಡದ್ದು ವಿಪರೀತ ಭಯ.

ಇನ್ನು ಆ ವಿಡಿಯೊದ ಮರಿಯ ತಾಯಿ ಎಲ್ಲಿ? ಕಾಡಿನಲ್ಲಿ ಚಿಂಪಾಂಜಿ ಮರಿಯು ನಾಲ್ಕೈದು ವರ್ಷ ಮೊಲೆಯುಣ್ಣುತ್ತದೆ, ಆಮೇಲೂ ಹಲವು ವರ್ಷ ತಾಯಿಯ ಜೊತೆಯಲ್ಲೇ ಓಡಾಡುತ್ತ ಯಾವ ಹಣ್ಣು ತಿನ್ನಬೇಕು, ಯಾರ ಮುಂದೆ ಹೇಗಿರಬೇಕು ಎಂಬುದನ್ನು ಕಲಿಯುತ್ತದೆ. ಹೊಟ್ಟೆಗೆ ಮರಿ ಅವಚಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವ ಮಂಗಗಳನ್ನು ದಿನಾ ನೋಡುವ ನಮ್ಮವರಿಗೆ ತಾಯಿಯಿಂದ ಮರಿಯನ್ನು ಅಗಲಿಸುವುದು ಎಂಥದೆಂದು ವಿವರಿಸಬೇಕಿಲ್ಲ. ಮನೆಯಲ್ಲಿ ಸಾಕಲು, ಜಾಹೀರಾತಿನಲ್ಲಿ ಕುಣಿಸಲು ಎಳೆಯ ಮರಿಯೇ ಬೇಕು, ಏಕೆಂದರೆ ಪ್ರಾಯಕ್ಕೆ ಬಂದ ಚಿಂಪಾಂಜಿ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಅಷ್ಟರಲ್ಲಿ ಅದರ ಆಯುಸ್ಸಿನ ಬಹುಪಾಲು ಇನ್ನೂ ಉಳಿದಿರುತ್ತದೆ. ಮನುಷ್ಯರ ಆರೈಕೆಯಲ್ಲಿ ಅವು ಐವತ್ತು ದಾಟಿ ಬದುಕುವುದುಂಟು. 2009ರಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಲ್ಲಿ ಮನೆಮಗನಂತೆ ಬೆಳೆದಿದ್ದ ಟ್ರಾವಿಸ್ ಎಂಬ ಚಿಂಪಾಂಜಿ ಮನೆಯೊಡತಿಯ ಗೆಳತಿಯ ಮೇಲೆ ಎರಗಿ ಮುಖ, ಕೈಗಳನ್ನು ಛಿದ್ರಗೊಳಿಸಿತು, ಪೊಲೀಸರ ಗುಂಡಿಗೆ ಸತ್ತಿತು. ಅದನ್ನು ಕ್ರೂರ ಮೃಗವೆನ್ನಲು ನನಗೆ ಮನಸ್ಸು ಬರುವುದಿಲ್ಲ. ತನ್ನ ಜಾತಿಯ ಸಂಗಾತಿಗಳಿಲ್ಲದೆ ಮನೆಯೊಳಗೆ ಬೆಳೆಸಿದವರು ಮನುಷ್ಯರೇ.

ಲಿಂಕನ್ ಪಾರ್ಕ್ ಮೃಗಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ವಾಟ್ಸಾಪ್ ಗುಂಪಿಗೇ ಹೇಳಿದಂತಿದೆ. ಪಕ್ಕದಲ್ಲಿ ಮನುಷ್ಯ ನಿಂತಿರುವ ಚಿಂಪಾಂಜಿಯ ಚಿತ್ರ ನೋಡಿದವರು, ಮನುಷ್ಯನಿಲ್ಲದ ಅದೇ ಚಿತ್ರ ನೋಡಿದವರಿಗಿಂತ ಹೆಚ್ಚಾಗಿ, ಕಾಡಿನಲ್ಲಿ ಅವುಗಳ ಸಂತತಿಗೆ ಕುಂದಿಲ್ಲವೆಂದೂ ಅವು ಸಾಕಲು ಚೆನ್ನವೆಂದೂ ನಂಬಿದರು. ನಿಜಕ್ಕೂ ಚಿಂಪಾಂಜಿ ಅಳಿವಿನಂಚಿನ ಪ್ರಾಣಿ. ಕಾಡಿನದಕ್ಕಿರುವ ಕಾನೂನಿನ ರಕ್ಷಣೆಯನ್ನೇ ಬೋನಿನಲ್ಲಿರುವುದಕ್ಕೂ ಅಮೆರಿಕ ಕೊಟ್ಟದ್ದು 2015ರಲ್ಲಿ ಮಾತ್ರ.

ಅದೇ ಮೃಗಾಲಯದ ಗಾಜಿನಾಚೆ ಒಮ್ಮೆ ಹೆಣ್ಣು ಚಿಂಪಾಂಜಿಯೊಂದು ಒಣಹುಲ್ಲನ್ನು ಹಿಡಿಹಿಡಿಯಾಗಿ ಎಳೆದು, ತನ್ನ ಸುತ್ತ ದುಂಡಗೆ ಜೋಡಿಸಿ, ಮುಂಗೈಯಿಂದ ಒತ್ತಿ ಹಾಸಿಗೆ ಮಾಡಿಕೊಳ್ಳುವುದನ್ನು ನಿಂತು ನೋಡಿದೆ. ಕಾಡಿನವು ಮರದ ಮೇಲೆ ಪ್ರತಿ ಸಂಜೆ ಹೀಗೆಯೇ ಗೂಡು ಹೆಣೆಯುತ್ತವೆ. ಪಕ್ಕದಲ್ಲಿದ್ದ ಹುಡುಗನೊಬ್ಬ ಗಾಜು ಬಡಿದು ಹಲ್ಲು ಕಿರಿದ. ಅದು ಬೆನ್ನು ತಿರುಗಿಸಿ ಕೆಲಸ ಮುಂದುವರಿಸಿತು. ಒಳ್ಳೆಯ ವ್ಯವಸ್ಥೆಯಲ್ಲೂ ಸೆರೆಯ ಬಾಧೆ ಪೂರ್ತಿ ತಪ್ಪುವುದಿಲ್ಲ. ಅಮೆರಿಕ, ಬ್ರಿಟನ್‌ಗಳ ಆರು ಸಂಸ್ಥೆಗಳಲ್ಲಿ ಗುಂಪಿನಲ್ಲಿ ಬಾಳುತ್ತಿದ್ದ 40 ಚಿಂಪಾಂಜಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಮೈತೂಗಾಟ, ಕೂದಲು ಕಿತ್ತುಕೊಳ್ಳುವಿಕೆಯಂಥ ಅಸಹಜ ನಡವಳಿಕೆ ಯಾವುದಾದರೊಂದು ರೂಪದಲ್ಲಿ ಎಲ್ಲವುಗಳಲ್ಲೂ ಕಂಡಿತು.

‘ಹಂಗಾದ್ರ ಅಡವ್ಯಾಗ ಬಿಟ್ಟುಬಿಡ್ಬೇಕಲ್ಲಪಾ?’ ಎಂದು ಕಾಕಾ ಫೋನಿನಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಬೋನಿನಲ್ಲಿ ಹುಟ್ಟಿದ್ದಕ್ಕೆ ಆಹಾರ ಹುಡುಕುವುದು ತಿಳಿಯದು, ಕಾಡಿನ ಗುಂಪುಗಳು ಹೊರಗಿನದನ್ನು ಕೊಂದೇಬಿಡಬಹುದು, ಮನುಷ್ಯರಿಂದ ತಗುಲಿದ ರೋಗ ಅಲ್ಲಿಗೂ ಹರಡಬಹುದು. ಹಾಗಾಗಿ ಉಳಿದಿರುವ ದಾರಿಯೆಂದರೆ ಆಶ್ರಯಧಾಮಗಳು. ಪ್ರಯೋಗಾಲಯಗಳಿಂದ ನಿವೃತ್ತವಾದ, ಸರ್ಕಾರದ ಒಡೆತನದ ಚಿಂಪಾಂಜಿಗಳಿಗಾಗಿ 2000ದಲ್ಲಿ ಇಲ್ಲಿ ಕಾನೂನು ಬಂದಿತು. ಲೂಸಿಯಾನಾದ ‘ಚಿಂಪ್ ಹೇವನ್’ನಲ್ಲಿ ಅವು ಮರಗಳ ನಡುವೆ, ದೊಡ್ಡ ಗುಂಪುಗಳಲ್ಲಿ ಬದುಕುತ್ತಿವೆ. ಅಲ್ಲಿ ಮರಿ ಹುಟ್ಟಿಸುವುದಿಲ್ಲ; ಬಂದವುಗಳನ್ನು ಆಯುಸ್ಸಿರುವ ತನಕ ಸಾಕುವ ವೆಚ್ಚವನ್ನು ಸರ್ಕಾರ ಮತ್ತು ದಾನಿಗಳು ಹಂಚಿಕೊಳ್ಳುತ್ತಾರೆ.