ಏರ್ ಟ್ಯಾಕ್ಸಿಯಲ್ಲಿ ಬ್ಯಾಗ್ ಎಲ್ಲಿಡೋದು?

ವಿಮಾನದ ಸೀಟು, ಕಿಟಕಿಗಳನ್ನು ತ್ರೀಡಿಯಲ್ಲಿ ಬಿಡಿಸುವುದು ನನ್ನ ಕೆಲಸ. ಈಗ ಎಲೆಕ್ಟ್ರಿಕ್ ಏರ್ ಟ್ಯಾಕ್ಸಿಗಳ, ಅಂದರೆ ನೇರ ಮೇಲೇರಿ ಹಾರುವ ಪುಟ್ಟ ವಿಮಾನಗಳ ಸರದಿ. ಇವುಗಳ ಜಾಹೀರಾತು ಚಿತ್ರಗಳಲ್ಲಿ ಸಂಜೆ ಬಿಸಿಲು, ನಗುವ ಮುಖಗಳೇ ಜಾಸ್ತಿ. ಯಾರ ತೊಡೆಯ ಮೇಲೂ ಬ್ಯಾಗ್ ಕಾಣುವುದಿಲ್ಲ!

ನಾನು ಮೊದಲು ಬಿಡಿಸುವುದೇ ಬ್ಯಾಗನ್ನು. ಏರ್ ಟ್ಯಾಕ್ಸಿ ತಯಾರಿಸುವ ಅಮೆರಿಕದ ಕಂಪನಿ ಜೋಬಿಯ ವಿಮಾನದಲ್ಲಿ ಪೈಲಟ್ ಬಿಟ್ಟರೆ ನಾಲ್ಕೇ ಜನ. ಇಷ್ಟು ಚಿಕ್ಕ ವಿಮಾನದಲ್ಲಿ ಯಾವ ತೂಕ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಹಾಗಾಗಿ ಹತ್ತುವ ಮೊದಲು ನಮ್ಮ ತೂಕವನ್ನೂ ನೋಡಬಹುದು. ಅಪರಿಚಿತರ ಮುಂದೆ ತೂಕದ ಯಂತ್ರ ಹತ್ತೋದು ಯಾರಿಗೆ ಇಷ್ಟ, ಅಲ್ವಾ? ನಾನಾದರೆ ಅದನ್ನು ನೆಲದೊಳಗೇ ಅಡಗಿಸಿ, ಅಂಕಿಯನ್ನು ಸಿಬ್ಬಂದಿಗೆ ಮಾತ್ರ ತೋರಿಸುತ್ತೇನೆ.

ಇನ್ನೊಂದು ಕುತೂಹಲ, ನೇರ ಮೇಲೇರಿದ ನಂತರದ ಹೊತ್ತಿನದು. ಜೋಬಿ ವಿಮಾನದ ಆರೂ ಪ್ರೊಪೆಲ್ಲರ್‌ಗಳು ಮುಂದಕ್ಕೆ ವಾಲುತ್ತವೆ. ಆಮೇಲೆ ಭಾರ ಹೊರುವುದು ರೆಕ್ಕೆ. ಇದು ಗೊತ್ತಿಲ್ಲದವರ ಎದೆ ಧಸಕ್ಕೆನ್ನಬಹುದು. ಎದುರಿನ ಪರದೆಯಲ್ಲಿ ಒಂದು ಚಿಕ್ಕ ಚಿತ್ರ ಹಾಕಿದರೆ ಸಾಕು.

ಸದ್ದಿನ ವಿಷಯ ಬೇರೆ. ನಾಸಾ ಜೊತೆಗಿನ ಪರೀಕ್ಷೆಯ ಬಗ್ಗೆ 2022ರಲ್ಲಿ ಜೋಬಿ ಹೇಳಿದ್ದು: 500 ಮೀಟರ್ ಎತ್ತರದಲ್ಲಿ ಹಾರುವಾಗ ಸುಮಾರು 45 ಡೆಸಿಬಲ್. ಆದರೆ ಅದು ನೆಲದ ಮೇಲಿನವರ ಕಿವಿಗೆ! ಒಳಗೆ ಕೂತವರಿಗೆ? ಈ ಸಲ ನನ್ನ ಚಿತ್ರಕ್ಕೆ ಮೋಟಾರಿನ ಸದ್ದನ್ನೂ ಸೇರಿಸುತ್ತಿದ್ದೇನೆ.