ನಿಸಿದಿ ಅಂದರೆ ಗೋರಿಯಲ್ಲ

ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ ಮುರಕಲ್ಲಿನಿಂದ ಕಟ್ಟಿದ, ಅಂತಸ್ತಿನ ಮೇಲೆ ಅಂತಸ್ತಾಗಿ ಇಳಿಜಾರು ಸೂರುಗಳಿರುವ ಜೈನ ಸ್ಮಾರಕಗಳನ್ನು ತುಂಬಾ ಜನ "ಗೋರಿ" ಅಂತಲೇ ಕರೆಯುತ್ತಾರೆ. ಗೋರಿ ಪಾರಸಿಯ "ಗೋರ್"ನಿಂದ ಬಂದದ್ದು, ಹೂಳಿದ ಜಾಗ ಎಂದರ್ಥ. ಜೈನರಲ್ಲಿ ದಹನವೇ ರೂಢಿ. ಹಾಗಾಗಿ ಶಾಸನಗಳ ಹಳೆಯ ಪದವೇ ಇಲ್ಲಿ ಸರಿ: ನಿಸಿದಿ, ನಿಸಿಧಿ, ನಿಷಿಧಿ.

ಪ್ರಾಕೃತದಲ್ಲಿ ಇದು "ನಿಸೀಹಿಯಾ". ಬೇರು "ನಿ+ಸದ್", ಅಂದರೆ ಕುಳಿತುಕೊಳ್ಳು. ಸಲ್ಲೇಖನ, ಅಂದರೆ ಉಪವಾಸದಿಂದ ದೇಹ ಬಿಡುವ ಜೈನ ವ್ರತ, ಹಿಡಿದು ಕುಳಿತ ಜಾಗ, ಆಮೇಲೆ ಅದರ ನೆನಪಿನ ಕಲ್ಲು ಅಥವಾ ಮಂಟಪ. ಸತ್ತವರ ಗುರುತಿಗೆ ಹೂಳುವುದಲ್ಲ, ಕೂರುವುದು ಹೆಸರು ಕೊಟ್ಟಿದೆ ಅನ್ನುವುದು ನನಗೆ ತುಂಬಾ ದೊಡ್ಡ ಮಾತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 7ನೇ ಶತಮಾನದಿಂದಲೇ ಇಂಥ ಬರಹಗಳಿವೆ.

ನಿಸಿದಿಗಲ್ಲನ್ನು ವೀರಗಲ್ಲು ಅಂದುಕೊಳ್ಳುವವರು ಬಹಳ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾಳಗ ಇರುತ್ತದೆ, ಸತಿ ಹೋದವಳ ನೆನಪಿನ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈ. ನಿಸಿದಿಯಲ್ಲಿ ಸಾಮಾನ್ಯವಾಗಿ ಮೇಲೆ ಜಿನಬಿಂಬ, ಕೆಳಗೆ ಗುರುವಿನ ಎದುರು ಕುಳಿತ ವ್ರತಿ, ನಡುವೆ ಗ್ರಂಥ ಇಡುವ ವ್ಯಾಸಪೀಠ. ಆ ಪೀಠ ಕಂಡರೆ ಬಹುತೇಕ ಅನುಮಾನ ಬೇಡ.

ದಯವಿಟ್ಟು ಈ ಕಲ್ಲುಗಳ ಮೇಲಿನ ಅಕ್ಷರ ಕಾಣಲೆಂದು ಎಣ್ಣೆ, ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ. ಎಣ್ಣೆಗೆ ಧೂಳು ಅಂಟಿ ಗೀರುಗಳು ತುಂಬಿಕೊಳ್ಳುತ್ತವೆ. ನಮ್ಮ ಮಳೆಗಾಲದಲ್ಲಿ ಅದರ ಮೇಲೆ ಪಾಚಿಯೂ ಕೂರುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಸಾಕು. ಇಲ್ಲದಿದ್ದರೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ಬೆಳಕನ್ನು ಮೈಮೇಲೆ ಓರೆಯಾಗಿ ಹಾಯಿಸಿ, ಸವೆದ ಅಕ್ಷರವೂ ನೆರಳಿನಲ್ಲಿ ಏಳುತ್ತದೆ.