ಟ್ರಂಕಿನ ಕ್ಯಾಸೆಟ್ಟಿನಿಂದ ಹಳೇ ಪದ ತೆಗೆಯೋದು

ಕಲಬುರಗಿ ಕಡೆ ಹಳ್ಳಿಮನೆಗಳ ಟ್ರಂಕಿನಲ್ಲಿ ಕ್ಯಾಸೆಟ್ಟುಗಳು ಇನ್ನೂ ಸಿಗುತ್ತವೆ. ಅಮಾಸಿ ಭಜನಿ, ಬೀಸುವ ಪದ, ಅಲಾಯಿ (ಮೊಹರಂ) ಹಬ್ಬದ ರಿವಾಯತ ಹಾಡು ಹೀಗೆ ಏನಾದರೂ ಇರಬಹುದು. ಸಿಕ್ಕ ಕೂಡಲೇ ಪ್ಲೇ ಒತ್ತಬೇಡಿ.

ಮೊದಲು ಕಿಟಕಿಯಲ್ಲಿ ನೋಡಿ. ರೀಲಿನ ಅಂಚಿಗೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಹಾಗೇ ಓಡಿಸಿದರೆ ಟೇಪ್‌ರೆಕಾರ್ಡರಿಗೂ ಹತ್ತಿ, ಆಮೇಲೆ ಹಾಕುವ ಕ್ಯಾಸೆಟ್ಟಿಗೂ ದಾಟುತ್ತದೆ. ಬೂಷ್ಟಿಲ್ಲದಿದ್ದರೆ ರೀಲನ್ನು ಪೆನ್ಸಿಲಿನಿಂದ ಸ್ವಲ್ಪ ತಿರುಗಿಸಿ, ಅಂಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಡುವಿನ ಪುಟ್ಟ ಉಣ್ಣೆಯ ಪ್ಯಾಡು ನೋಡಿ. ನಮ್ಮ ಬೇಸಿಗೆಗೆ ಅದರ ಅಂಟು ಒಣಗಿ ಪ್ಯಾಡು ಉದುರಿರುತ್ತದೆ, ಆಗ ದನಿ ಮಂಕಾಗಿ ಬಂದು ಹೋಗಿ ಮಾಡುತ್ತದೆ. ಐದು ಸ್ಕ್ರೂ ಬಿಚ್ಚಿ, ಎರಡೂ ರೀಲನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಕೂರಿಸಿದರೆ ಸಾಕು. ಹರಿದ ಟೇಪಿಗೆ ಸೆಲೊಟೇಪು ಮಾತ್ರ ಬೇಡ. ಅದರ ಗೋಂದು ಹರಡಿ ಮೇಲಿನ ಸುತ್ತಿಗೂ ಟೇಪು ಓದುವ ಹೆಡ್ಡಿಗೂ ಮೆತ್ತುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹೆಡ್ಡು ಒರೆಸಿದ ಮೇಲೂ ದನಿ ಮುಸುಕಾಗಿದ್ದರೆ ಹೆಡ್ಡಿನ ಓರೆ ಸರಿಯಿಲ್ಲದಿರಬಹುದು. ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತಿನೊಳಗೇ ಆಚೀಚೆ ಮಾಡಿ. ಭಜನಿ ಟೇಪಾದರೆ ಇದು ಸಲೀಸು: ತಾಳದ ಝಣಕು ಎಲ್ಲಿ ಚೊಕ್ಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಇದನ್ನು ಬಿಟ್ಟು ಕಂಪ್ಯೂಟರಿನಲ್ಲಿ ಗೊರಗೊರ ಸದ್ದು ತೆಗೆಯಲು ಹೊರಟರೆ ಪದವೂ ಜತೆಗೇ ಹೋಗುತ್ತದೆ.

ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರು ಕೊಡಿ, ಮೈಕ್ ತೂತಿಗೆ ಕೊಟ್ಟರೆ ದನಿ ಒಡೆಯುತ್ತದೆ. 48 ಕಿಲೋಹರ್ಟ್ಸ್, 24 ಬಿಟ್, ವೇವ್ (WAV) ಫೈಲಾಗಿ ಹಿಡಿಯಿರಿ. ಜೋರಾದ ಕಡೆಯಲ್ಲೂ ಮೈನಸ್ 6 ಡೆಸಿಬೆಲ್ ದಾಟಬಾರದು.

ನಿಜವಾದ ತಕರಾರು ವೇಗದ್ದು. ಶೆಲ್ಲು (ಬ್ಯಾಟರಿ) ಇಳಿದಾಗ ಹಿಡಿದ ಟೇಪು ನಿಧಾನ ಓಡಿರುತ್ತದೆ, ಈಗ ಸರಿಯಾದ ಮಶೀನಿನಲ್ಲಿ ಹಾಕಿದರೆ ಪದ ಅವಸರಬಿದ್ದು ಕೀರಲಾಗುತ್ತದೆ, ಕೊನೆಕೊನೆಗೆ ಇನ್ನೂ ಹೆಚ್ಚು. ಅಂದು ಹಾಡಿದ ಆಯಿಗೆ (ಅಜ್ಜಿಗೆ) ತನ್ನದೇ ದನಿ ಗುರುತು ಸಿಗದಿರುವುದು ಇದಕ್ಕೇ. ಕರೆಂಟಿನ ಮೇಲೆ ಹಿಡಿದ ಟೇಪಾದರೆ ಹಿನ್ನೆಲೆಯ ಗುಂಯ್ ಸದ್ದೇ ಸಾಕ್ಷಿ. ನಮ್ಮ ಕರೆಂಟು 50 ಹರ್ಟ್ಸ್. ಟೇಪಿನ ಗುಂಯ್ 53ರ ಹತ್ತಿರ ಕಂಡರೆ ಪದ ಹಾರ್ಮೋನಿಯಮ್ಮಿನ ಒಂದು ಪಟ್ಟಿ ಮೇಲೇರಿದೆ ಎಂದರ್ಥ, ಸುಮಾರು ನೂರಕ್ಕೆ 6ರಷ್ಟು ವೇಗ ಇಳಿಸಿ. ಅಳೆಯಲು ಟೇಪನ್ನು ಹೊಸ ಶೆಲ್ಲಿನ ಮೇಲೆ ಓಡಿಸಿ, ಇಲ್ಲದಿದ್ದರೆ ಈಗಿನ ಗುಂಯ್ ಬೆರೆತು ಲೆಕ್ಕ ತಪ್ಪುತ್ತದೆ. ಶೆಲ್ಲಿನ ಮೇಲೇ ಹಿಡಿದದ್ದಾದರೆ ಆ ಭಜನಿ ಮೇಳದ ಹಾರ್ಮೋನಿಯಂ ಪೆಟ್ಟಿಗೆ ಹುಡುಕಿ ಸ್ವರ ತಾಳೆ ನೋಡಿ, ಪದಪದಕ್ಕೂ ಬೇರೆಬೇರೆಯಾಗಿ ತಿದ್ದಿ. ಟೆಂಪೊ ಒಂದನ್ನೇ ಬದಲಿಸಿದರೆ ಕೀರಲು ಹಾಗೇ ಉಳಿಯುತ್ತದೆ. ವೇಗ, ಪಿಚ್ಚು ಎರಡೂ ಒಟ್ಟಿಗೆ ಇಳಿಯಬೇಕು.

ಬಿಟ್ಟುಹೋದ ನುಡಿಗಳನ್ನು (ಚರಣಗಳನ್ನು) ತುಂಬಲು ಹಿರಿಯರ ಮುಂದೆ ಪಲ್ಲವಿ ಮಾತ್ರ ಹಾಕಿ ನಿಲ್ಲಿಸಿ. "ಹೇಳ್ರಿ" ಎಂದರೆ ತಡವರಿಸುತ್ತಾರೆ, "ಹಾಡ್ರಿ" ಎಂದರೆ ಸಾಲು ತಾನೇ ಬರುತ್ತದೆ. ಬೀಸುವ ಪದ ಮೂರು ಸಾಲಿನ ಬಿಡಿಬಿಡಿ ತ್ರಿಪದಿಯಾದ್ದರಿಂದ ನುಡಿಗಳ ಕ್ರಮಕ್ಕೆ ಜಗಳವಾಡಬೇಕಿಲ್ಲ. ತತ್ವಪದಕ್ಕೆ ಕೊನೆಯ ನುಡಿ ಬೇಕೇ ಬೇಕು, ಪದ ಯಾರದೆಂದು ತಿಳಿಸುವ ಅಂಕಿತ ಇರುವುದು ಅಲ್ಲಿ. ಮಹಾಂತನ ಹೆಸರು ಬಂದರೆ ಸಾಮಾನ್ಯವಾಗಿ ಕಡಕೋಳ ಮಡಿವಾಳಪ್ಪನವರದು, ಶಿಶುನಾಳಧೀಶ ಬಂದರೆ ಶರೀಫರದು. ಒಬ್ಬರ ಪದಕ್ಕೆ ಇನ್ನೊಬ್ಬರ ಅಂಕಿತ ಹಚ್ಚಿ ಹಾಡುವುದೂ ಉಂಟು, ಹಾಗಾಗಿ ಎರಡೂ ಪಾಠ ಬರೆದುಕೊಂಡು ಯಾವ ಊರಿನದೆಂದು ಪಕ್ಕಕ್ಕೆ ಗುರುತು ಹಾಕಿ.